ಮನೆಯಂಗಳದಲ್ಲಿ ಅಂಜೂರ

ಅಂಜೂರವೆಂದೊಡನೆ ಪಟ್ಟಣವಾಸಿಗಳ ಕಣ್ಣಿಗೆ ಕಟ್ಟುವುದು, ಅಂಗಡಿಯಲ್ಲಿ ಹಾರದಂತೆ ಪೋಣಿಸಿ ತೂಗುಹಾಕಿದ, ಚಪ್ಪಟೆಯಾಗಿ ಒತ್ತಿದ, ಕಂದುಬಣ್ಣದ ಒಣಹಣ್ಣು. ಕಾಯಿಲೆಯಿಂದ ಎದ್ದವರಿಗೆ ರಾತ್ರಿ ನೆನೆಹಾಕಿ ಬೆಳಗ್ಗೆ ಕೊಡುವ ಪಥ್ಯ; ಮಲಬದ್ಧತೆಗೆ ಮನೆಯ ಹಿರಿಯರು ಹೇಳುವ ಮದ್ದು; ಬಾದಾಮಿ, ದ್ರಾಕ್ಷಿಗಳ ಸಾಲಿನಲ್ಲಿ ಕುಳಿತುಕೊಳ್ಳುವ ಒಂದು ಶ್ರೀಮಂತ ತಿನಿಸು. ಅದೇ ಹಣ್ಣು ಒಂದು ಕಾಲದಲ್ಲಿ ಮರದ ಮೇಲೆ ಮೆತ್ತಗೆ, ಜೇನು ತುಂಬಿದ ಪುಟ್ಟ ಚೀಲದಂತೆ ತೂಗುತ್ತಿತ್ತೆಂಬುದು ಎಷ್ಟೋ ಮಕ್ಕಳಿಗೆ ತಿಳಿಯದು. ದೊಡ್ಡವರಲ್ಲಿಯೂ ಅದನ್ನು ಮರದಿಂದಲೇ ಬಿಡಿಸಿ ತಿಂದವರು ವಿರಳ.

ಪೇಟೆಯಲ್ಲಿ ಹಸಿ ಅಂಜೂರ ಸಿಗುವುದಿಲ್ಲವೆ? ಸಿಗುತ್ತದೆ. ಆದರೆ ಅದನ್ನು ತಿಂದು, "ಇಷ್ಟೇನೆ?" ಎಂದು ಮುಖ ಸಪ್ಪಗೆ ಮಾಡಿಕೊಂಡವರೇ ಹೆಚ್ಚು. ಇದರಲ್ಲಿ ಹಣ್ಣಿನ ತಪ್ಪೂ ಇಲ್ಲ, ಮಾರುವವನ ತಪ್ಪೂ ಇಲ್ಲ. ಮಾವು, ಬಾಳೆ, ಸೀತಾಫಲಗಳನ್ನು ಬಲಿತ ಕಾಯಿಯಾಗಿರುವಾಗಲೇ ಇಳಿಸಿ ಹುಲ್ಲಿನಲ್ಲಿಟ್ಟರೆ ರುಚಿಯಾಗಿ ಹಣ್ಣಾಗುತ್ತವೆ. ಅಂಜೂರಕ್ಕೆ ಆ ಗುಣವಿಲ್ಲ. ಕಿತ್ತ ಮೇಲೆ ಅದು ಮೆತ್ತಗಾದೀತೇ ಹೊರತು ಅದರ ಸಿಹಿ ಏರದು. ಪೂರ್ತಿ ಮಾಗಿದ ಮೇಲೆ ಕಿತ್ತರೆ ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲದು. ತೆಳುವಾದ ಸಿಪ್ಪೆ ಬಿರಿದು, ಒಳಗಿನ ರಸ ಹುಳಿಯುತ್ತದೆ. ಆದುದರಿಂದ ಪೇಟೆಗೆ ಬರುವ ಹಣ್ಣನ್ನು ಸ್ವಲ್ಪ ಮುಂಚಿತವಾಗಿಯೇ ಕೀಳಬೇಕಾಗುತ್ತದೆ.

ಅಂಜೂರದ ಈ ಅಲ್ಪಾಯುಷ್ಯವನ್ನು ಪ್ರಾಚೀನ ರೋಮಿನ ರಾಜಕಾರಣಿ ಕೇಟೊ ಎಂಬಾತನು ಯುದ್ಧ ಹೂಡಿಸಲು ಬಳಸಿಕೊಂಡನಂತೆ. ರೋಮಿನ ಸೆನೆಟ್ ಸಭೆಯಲ್ಲಿ ಅವನು ತಾಜಾ ಅಂಜೂರದ ಹಣ್ಣನ್ನು ತೋರಿಸಿ, ಇದು ಕಾರ್ಥೇಜಿನಲ್ಲಿ ಬೆಳೆದದ್ದು, ಆ ಶತ್ರುರಾಜ್ಯ ಕೇವಲ ಮೂರು ದಿನಗಳ ದಾರಿ ಎಂದು ಎಚ್ಚರಿಸಿದನೆಂದು ಪ್ರಾಚೀನ ಗ್ರಂಥಕಾರರು ಬರೆದಿದ್ದಾರೆ. ಮಾತಿಗಿಂತ ಹಣ್ಣೇ ಪರಿಣಾಮಕಾರಿಯಾಯಿತು. ಅಂಜೂರ ಎಷ್ಟು ಬೇಗ ಕೆಡುತ್ತದೆಂಬುದು ಸಭೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು; ಹಣ್ಣು ಕೆಡದೆ ಬಂದಿದೆಯೆಂದರೆ ಶತ್ರು ಹತ್ತಿರದಲ್ಲಿಯೇ ಇದ್ದಾನೆ! ಕ್ರಿ. ಪೂ. 146ರಲ್ಲಿ ರೋಮನರು ಕಾರ್ಥೇಜನ್ನು ನೆಲಸಮ ಮಾಡಿದರು.

ಮೂರು ದಿನದ ದಾರಿಯ ಮಾತು ಹಾಗಿರಲಿ. ಅಂಜೂರದ ನಿಜವಾದ ರುಚಿ ಬೇಕಾದವರಿಗೆ ಮರ ಮೂರು ಮಾರು ದೂರದಲ್ಲಿದ್ದರೆ ಮೇಲು. ಮನೆಯ ಹಿತ್ತಲಲ್ಲಿಯೇ ಬೆಳೆಯಬೇಕಾದ ಹಣ್ಣೊಂದಿದ್ದರೆ ಅದು ಇದೇ.

ಮನೆಯವರ ಮೂರು ಶಂಕೆಗಳು

ಹೀಗಿದ್ದರೂ ಅಂಜೂರದ ಗಿಡವನ್ನು ಮನೆಗೆ ತರುವ ಮಾತೆತ್ತಿದರೆ ಎಷ್ಟೋ ಮನೆಗಳಲ್ಲಿ ಮೂರು ಆಕ್ಷೇಪಣೆಗಳು ಏಳುತ್ತವೆ. ಮೊದಲನೆಯದು ಅಡಿಗೆಯ ಮನೆಯಿಂದ: "ಅತ್ತಿಹಣ್ಣಿನ ಜಾತಿಯಲ್ಲವೆ? ಒಳಗೆ ಹುಳುವಿರುತ್ತದೆ. ಸಸ್ಯಾಹಾರಿಗಳ ಮನೆಗೆ ಸಲ್ಲದು." ಎರಡನೆಯದು ಜಗಲಿಯಿಂದ: "ಹಾಲು ಸುರಿಯುವ ಮರ ಮನೆಯ ಆವರಣದಲ್ಲಿ ಇರಬಾರದು." ಮೂರನೆಯದು ಮನೆ ಕಟ್ಟಿಸಿದ ಯಜಮಾನನದು: "ಆಲ, ಅರಳಿಗಳ ನೆಂಟ, ಅದರ ಬೇರು ಅಡಿಪಾಯವನ್ನೇ ಎತ್ತೀತು."

ಮೂರೂ ಹುರುಳಿಲ್ಲದ ಮಾತುಗಳಲ್ಲ. ಅಂಜೂರ ನಿಜವಾಗಿಯೂ ಅತ್ತಿ, ಆಲ, ಅರಳಿ, ಬಸರಿ, ಗೋಣಿಗಳ ಬಂಧು; ಹಲಸು ಮತ್ತು ಹಿಪ್ಪುನೇರಳೆಗಳೂ ಅದರ ದೂರದ ಸಂಬಂಧಿಗಳೇ. 'ಸೀಮೆ ಅತ್ತಿ' ಎಂಬ ಹೆಸರೂ ಇದಕ್ಕುಂಟು. 'ಅಂಜೂರ' ಎಂಬುದು ಪಾರಸಿ ಭಾಷೆಯಿಂದ ಬಂದ ಶಬ್ದ. ಸಸ್ಯಶಾಸ್ತ್ರಜ್ಞರು ಇದನ್ನು 'ಫೈಕಸ್ ಕ್ಯಾರಿಕ' ಎಂದು ಕರೆಯುತ್ತಾರೆ. ಮೊದಲನೆಯ ಶಂಕೆಯೇ ಎಲ್ಲಕ್ಕಿಂತ ಗಹನವಾದುದರಿಂದ ಅದನ್ನೇ ಮೊದಲು ಪರಿಶೀಲಿಸುವುದು ಒಳ್ಳೆಯದು.

ಒಳಗೇ ಅರಳುವ ಹೂವು

ಅಂಜೂರದ ಮರದಲ್ಲಿ ಹೂವನ್ನು ಕಂಡವರಿಲ್ಲ. ಹಾಗೆಂದು ಹೂವಿಲ್ಲದೆ ಇಲ್ಲ. ನಾವು ಕಾಯಿ ಎಂದು ಕರೆಯುವುದೇ ಒಂದು ಮುಚ್ಚಿದ ಹೂಗೊಂಚಲು. ಹೊರಗಿನ ತಿರುಳು ಒಂದು ಚೀಲ. ಅದರ ಒಳಗೋಡೆಗೆ ನೂರಾರು ಸಣ್ಣ ಹೂಗಳು ಅಂಟಿಕೊಂಡಿರುತ್ತವೆ. ಹಣ್ಣು ತಿನ್ನುವಾಗ ಹಲ್ಲಿಗೆ ಸಿಕ್ಕುವ ಸಾಸಿವೆಗಿಂತ ಚಿಕ್ಕ ಕಾಳುಗಳು ಆ ಹೂಗಳಿಂದ ಬಂದವು. ಕಾಯಿಯ ತುದಿಯಲ್ಲಿ ಒಂದು ಕಿರಿದಾದ ಬಾಯಿ ಇದೆ. ಒಳಕ್ಕೆ ದಾರಿ ಅದೊಂದೇ.

ಈ ಬಾಗಿಲ ಮೂಲಕ ಪರಾಗವನ್ನು ಒಯ್ಯಲು ಪ್ರಕೃತಿಯು ಒಂದು ಪುಟ್ಟ ಕಣಜದ ಹುಳುವನ್ನು ನೇಮಿಸಿದೆ. ಈ ಕಣಜ ಹುಟ್ಟುವುದು 'ಗಂಡು ಅಂಜೂರ'ವೆಂದು ಕರೆಯುವ ಕಾಡುಮರದ ಕಾಯಿಯಲ್ಲಿ. ಹೆಣ್ಣು ಕಣಜವು ಮೈಗೆ ಪರಾಗವನ್ನು ಅಂಟಿಸಿಕೊಂಡು ಹೊರಬಂದು, ಮೊಟ್ಟೆಯಿಡಲು ಬೇರೊಂದು ಕಾಯಿಯನ್ನು ಅರಸುತ್ತದೆ. ಬಾಯಿ ಎಷ್ಟು ಇಕ್ಕಟ್ಟೆಂದರೆ ನುಗ್ಗುವಾಗಲೇ ಅದರ ರೆಕ್ಕೆಗಳು ಕಿತ್ತುಹೋಗುತ್ತವೆ. ಹೊಕ್ಕದ್ದು ಹೆಣ್ಣುಮರದ ಕಾಯಾದರೆ ಅಲ್ಲಿ ಮೊಟ್ಟೆಯಿಡಲು ಆಗದು. ಪರಾಗವನ್ನು ಚೆಲ್ಲಿ ಅಲ್ಲಿಯೇ ಸಾಯುತ್ತದೆ. ಅದರ ದೇಹದ ಬಹುಭಾಗ ಅಂಜೂರದ ಹಾಲಿನಲ್ಲಿರುವ 'ಫಿಸಿನ್' ಎಂಬ ದ್ರವ್ಯದಿಂದ ಕರಗಿ ಹೋಗುತ್ತದೆ. ನಮ್ಮ ಅತ್ತಿಯ ಮರಕ್ಕೂ ಅದರದೇ ಆದ ಕಣಜವೊಂದಿದೆ. ಅತ್ತಿಯ ಹಣ್ಣನ್ನು ಒಡೆದಾಗ ಹಾರಿಬರುವ ಹುಳುಗಳು ಇಂಥವೇ.

ಅಜ್ಜಿಯ ಮಾತು ಹಾಗಾದರೆ ನಿಜವಾಯಿತಲ್ಲ! ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಂಜೂರದಲ್ಲಿ ಎರಡು ಮುಖ್ಯ ಪಂಗಡಗಳಿವೆ. ತುರ್ಕಿ ದೇಶದ ಸ್ಮಿರ್ನಾ, ಎಂದರೆ ಇಂದಿನ ಇಜ್ಮಿರ್, ಪ್ರಾಂತದ ಪಂಗಡಕ್ಕೆ ಈ ಕಣಜದ ಸೇವೆ ಅನಿವಾರ್ಯ. ಇನ್ನೊಂದು 'ಸಾಮಾನ್ಯ ಅಂಜೂರ'. ಇದರ ಕಾಯಿ ಪರಾಗದ ಹಂಗಿಲ್ಲದೆ, ಹುಳುವಿನ ಸಹಾಯವಿಲ್ಲದೆ, ತಾನಾಗಿಯೇ ಹಣ್ಣಾಗುತ್ತದೆ.

ಈ ಭೇದವನ್ನು ತಿಳಿಯದೆ ಅಮೆರಿಕೆಯ ಕ್ಯಾಲಿಫೋರ್ನಿಯ ಪ್ರಾಂತದ ತೋಟಗಾರರು ಸುಮಾರು ಇಪ್ಪತ್ತು ವರ್ಷ ಪೇಚಾಡಿದರು. 1880ರ ದಶಕದಲ್ಲಿ ಅವರು ಸ್ಮಿರ್ನಾದಿಂದ ಅಂಜೂರದ ತುಂಡುಗಳನ್ನು ತರಿಸಿ ನೆಟ್ಟರು. ಮರಗಳು ಸೊಂಪಾಗಿ ಬೆಳೆದವು, ಕಾಯಿಯನ್ನೂ ಬಿಟ್ಟವು. ಆದರೆ ಕಾಯಿಗಳೆಲ್ಲ ಹೀಚಿನಲ್ಲಿಯೇ ಉದುರಿಹೋದವು. ತುರ್ಕಿಯವರು ಬೇಕೆಂದೇ ಕೆಟ್ಟ ಜಾತಿಯನ್ನು ಕೊಟ್ಟು ಮೋಸಮಾಡಿದರೆಂದು ಅನೇಕರು ಹಲುಬಿದರು. ಗುಸ್ಟಾವ್ ಐಸೆನ್ ಎಂಬ ವಿಜ್ಞಾನಿಯು, "ಗಂಡುಮರವೂ ಕಣಜವೂ ಇಲ್ಲದೆ ಈ ಕಾಯಿ ನಿಲ್ಲದು" ಎಂದಾಗ ಸಭೆಯೇ ನಕ್ಕುಬಿಟ್ಟಿತಂತೆ. ಕೊನೆಗೆ 1899ರಲ್ಲಿ, ವಾಲ್ಟರ್ ಸ್ವಿಂಗಲ್ ಎಂಬ ಸಸ್ಯಶಾಸ್ತ್ರಜ್ಞನು ಅಲ್ಜೀರಿಯದಿಂದ ಕಳುಹಿಸಿದ ಕಣಜಗಳು ಫ್ರೆಸ್ನೊ ನಗರದ ಜಾರ್ಜ್ ರೋಡಿಂಗ್ ಎಂಬಾತನ ತೋಟದಲ್ಲಿ ನೆಲೆಯೂರಿದವು. ಅಂದಿನಿಂದ ಅಲ್ಲಿಯ ಸ್ಮಿರ್ನಾ ಅಂಜೂರ ಮಾಗತೊಡಗಿತು.

ನಮ್ಮ ಮನೆಯ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ. ನಮ್ಮಲ್ಲಿ ಬೆಳೆಯುವ ಪೂನಾ ಅಂಜೂರ, ಬಳ್ಳಾರಿ ಅಂಜೂರ, ಪರದೇಶದಿಂದ ಬಂದ ಡಯಾನ ಮುಂತಾದವು 'ಸಾಮಾನ್ಯ' ಪಂಗಡಕ್ಕೆ ಸೇರಿದವು. ಅವುಗಳಿಗೆ ಕಣಜ ಬೇಕಾಗಿಲ್ಲ. ವಿನೋದವೆಂದರೆ, ಕಟ್ಟುನಿಟ್ಟಿನ ಸಸ್ಯಾಹಾರಿಗಳು ಶಂಕಿಸಬೇಕಾದದ್ದು ತುರ್ಕಿಯಿಂದ ಬರುವ ಸ್ಮಿರ್ನಾ ಜಾತಿಯ ಒಣಹಣ್ಣನ್ನೇ ಹೊರತು ತಮ್ಮ ಹಿತ್ತಲ ಹಣ್ಣನ್ನಲ್ಲ. ಮಡಿವಂತರ ಮನೆಗೆ ಅಂಜೂರ ಬರಬೇಕಾದರೆ ಅದು ಮನೆಯಲ್ಲಿಯೇ ಬೆಳೆದು ಬರುವುದು ಉತ್ತಮ. ಹಾಗಿದ್ದರೂ ಅತಿಯಾಗಿ ಮಾಗಿ ಬಿರಿದ ಹಣ್ಣಿಗೆ ಇರುವೆಯೋ ನೊಣವೋ ಹೊಕ್ಕಿರಬಹುದು. ಆದುದರಿಂದ ಇಬ್ಭಾಗ ಮಾಡಿ, ನೋಡಿ ತಿನ್ನುವ ಪದ್ಧತಿಯನ್ನು ಬಿಡಬೇಕಾಗಿಲ್ಲ.

ಹಾಲು ಮತ್ತು ಬೇರು

ಹಾಲು ಸುರಿಯುವ ಮರದ ಬಗೆಗೆ ಹಿರಿಯರು ಹೇಳಿದ್ದರಲ್ಲಿಯೂ ಒಂದು ವಿವೇಕವಿದೆ. ಅಂಜೂರದ ಎಲೆ, ಹಸಿ ರೆಂಬೆ, ಎಳೆಗಾಯಿಗಳ ಹಾಲು ಚರ್ಮಕ್ಕೆ ತಾಗಿ, ಮೇಲೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಕಣ್ಣಿಗೆ ಸಿಡಿಯಲೇಬಾರದು. ಮಕ್ಕಳಿಗೆ ಎಳೆಗಾಯಿಗಳನ್ನು ಕಿತ್ತು ಆಡಲು ಬಿಡಬಾರದು. ರೆಂಬೆ ಕತ್ತರಿಸುವವರು ಕೈಗವಸು ತೊಟ್ಟು, ಕೆಲಸ ಮುಗಿದೊಡನೆ ಸೋಪಿನಿಂದ ಕೈತೊಳೆಯಬೇಕು. ಪೂರ್ತಿ ಮಾಗಿದ ಹಣ್ಣಿನ ತೊಟ್ಟಿನಲ್ಲಿ ಈ ಹಾಲು ಬಹುಮಟ್ಟಿಗೆ ಇಂಗಿಹೋಗಿರುತ್ತದೆ. ಈ ಎಚ್ಚರಗಳನ್ನು ಪಾಲಿಸಿದರೆ ಮರದಿಂದ ಭಯವಿಲ್ಲ.

ಬೇರಿನ ಮಾತಿಗೂ ಹೀಗೆಯೇ ಸಮಾಧಾನವುಂಟು. ಅಂಜೂರ ಆಲದಂತೆ ಬಿಳಲು ಬಿಡುವ ಮಹಾವೃಕ್ಷವಲ್ಲ. ಬೆಳೆಯಬಿಟ್ಟರೂ ಸಾಧಾರಣವಾಗಿ ಹತ್ತರಿಂದ ಮೂವತ್ತು ಅಡಿ ಎತ್ತರದ ಮರ. ವರ್ಷವರ್ಷವೂ ಕತ್ತರಿಸುತ್ತ ಬಂದರೆ ಎಂಟಡಿಗೆ ನಿಲ್ಲಿಸಬಹುದು. ಆದರೆ ಅದರ ಬೇರುಗಳು ಮೇಲ್ಮಣ್ಣಿನಲ್ಲಿ ದೂರ ಹಬ್ಬಿ ನೀರಿನ ಜಾಡನ್ನು ಅರಸುತ್ತವೆ. ಗೋಡೆ, ಬಾವಿ, ಬಚ್ಚಲ ಕೊಳವೆಗಳಿಂದ ಹದಿನೈದು ಅಡಿ ದೂರದಲ್ಲಿ ನೆಡಬೇಕು. ಅಷ್ಟು ಜಾಗವಿಲ್ಲದವರಿಗೆ ಕುಂಡವಿದ್ದೇ ಇದೆ. ಬೇರಿಗೆ ಜಾಗ ಕಡಿಮೆಯಾದರೆ ಅಂಜೂರ ಎಲೆಯ ಅಬ್ಬರವನ್ನು ಬಿಟ್ಟು ಕಾಯಿಗೆ ಮನಸ್ಸು ಕೊಡುವುದುಂಟು. ಬಾಯಿ ಹದಿನೆಂಟು ಅಂಗುಲವಿರುವ ಕುಂಡವೊಂದು ಬಿಸಿಲು ಬೀಳುವ ತಾರಸಿಯ ಮೇಲಿದ್ದರೆ ಬಾಡಿಗೆ ಮನೆಯವರೂ ಈ ಹಣ್ಣನ್ನು ತಿನ್ನಬಹುದು.

ಒಂದು ತುಂಡಿನಿಂದ ಒಂದು ಮರ

ಅಂಜೂರವನ್ನು ಬೀಜದಿಂದ ಬೆಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ರೆಂಬೆಯ ತುಂಡೇ ಸಾಕು. ಈ ವಿದ್ಯೆ ಮನುಷ್ಯನಿಗೆ ಬಹು ಪುರಾತನವಾದುದು. ಜೋರ್ಡಾನ್ ನದಿಯ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸುಮಾರು 11,400 ವರ್ಷ ಹಳೆಯ, ಸುಟ್ಟು ಕರಿಕಾದ ಒಂಬತ್ತು ಅಂಜೂರದ ಹಣ್ಣುಗಳು ದೊರೆತಿವೆ. ಅವು ಪರಾಗವಿಲ್ಲದೆ ಮಾಗುವ ಜಾತಿಯವು, ಮನುಷ್ಯನು ತುಂಡು ನೆಟ್ಟು ಬೆಳೆದವು ಎಂದು 2006ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಅದು ನಿಜವಾದಲ್ಲಿ, ಗೋಧಿ, ಬಾರ್ಲಿಗಳ ಬೇಸಾಯಕ್ಕಿಂತಲೂ ಮೊದಲೇ ಮನುಷ್ಯನು ಅಂಜೂರದ ಕೊಂಬೆಯನ್ನು ನೆಲಕ್ಕೆ ಚುಚ್ಚಿದನೆಂದಾಯಿತು.

ಹಳೆಯ ಮೈಸೂರು ಸೀಮೆಯಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನ ಅಂಜೂರಕ್ಕೆ ಹೆಸರಿತ್ತು. ಇಂದು ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಕಡೆ ಅದರ ತೋಟಗಳಿವೆ. ಮಹಾರಾಷ್ಟ್ರದ ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಒಣ ಹವೆ, ಧಾರಾಳವಾದ ಬಿಸಿಲು, ನೀರು ನಿಲ್ಲದ ನೆಲ—ಇವು ಅಂಜೂರಕ್ಕೆ ಪ್ರಿಯ. ಬಯಲುಸೀಮೆಯ ಪಟ್ಟಣಗಳಲ್ಲಿ ಅದು ಸುಲಭವಾಗಿ ಬರುತ್ತದೆ. ಮಲೆನಾಡು, ಕರಾವಳಿಗಳ ಜಡಿಮಳೆ ಅದಕ್ಕೆ ಒಗ್ಗದು.

ಹಣ್ಣು ಕೊಡುವ ಒಳ್ಳೆಯ ಮರದಿಂದ, ಹಿಂದಿನ ವರ್ಷ ಬೆಳೆದು ಬಲಿತ, ಕೈಬೆರಳಿನ ಗಾತ್ರದ ರೆಂಬೆಯನ್ನು ಆರಿಸಬೇಕು. ಎಂಟು ಹತ್ತು ಅಂಗುಲ ಉದ್ದದ, ನಾಲ್ಕೈದು ಗೆಣ್ಣುಗಳಿರುವ ತುಂಡುಗಳನ್ನು ಮಾಡಿ, ಕೆಳಗಿನ ಕತ್ತರಿಕೆ ಗೆಣ್ಣಿನ ಸ್ವಲ್ಪ ಕೆಳಗೇ ಬರುವಂತೆ ನೋಡಿಕೊಳ್ಳಬೇಕು. ಹಾಲು ಸೋರಿ ಒಣಗುವವರೆಗೆ ಕೆಲವು ಗಂಟೆ ನೆರಳಿನಲ್ಲಿಟ್ಟು, ಅನಂತರ ಮರಳು ಬೆರೆಸಿದ ಮಣ್ಣಿನಲ್ಲಿ ಮೂರನೆಯ ಎರಡು ಭಾಗ ಹೂಳಬೇಕು. ಜನವರಿ–ಫೆಬ್ರವರಿ ಅಥವಾ ಮುಂಗಾರು ಆರಂಭವಾಗುವ ಜೂನ್–ಜುಲೈ ಇದಕ್ಕೆ ತಕ್ಕ ಕಾಲ. ಮಣ್ಣು ತೇವವಾಗಿರಬೇಕು, ಕೆಸರಾಗಬಾರದು. ಮೊದಲು ಒಂದೆರಡು ಎಲೆ ಚಿಗುರಿದೊಡನೆ ಬೇರು ಬಂತೆಂದು ಹಿಗ್ಗಿ, ಕಿತ್ತು ನೋಡುವವರುಂಟು. ಆ ಆತುರ ಕೂಡದು. ತುಂಡಿನಲ್ಲಿ ಕೂಡಿಟ್ಟ ಸತ್ವದಿಂದಲೇ ಎಲೆ ಚಿಗುರಬಲ್ಲದು. ಬೇರು ಗಟ್ಟಿಯಾಗಲು ಇನ್ನೂ ಕೆಲವು ವಾರ ಬೇಕು.

ಗಿಡ ಒಂದೂವರೆ, ಎರಡು ಅಡಿ ಆದ ಮೇಲೆ ಕಾಯಂ ಜಾಗಕ್ಕೆ ಬದಲಾಯಿಸಬಹುದು. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಣಿ ತೋಡಿ, ಮೇಲ್ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಸೇರಿನಷ್ಟು ಬೇವಿನ ಹಿಂಡಿಯನ್ನು ಬೆರೆಸಿ ತುಂಬಬೇಕು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗವಾಗಿರಬೇಕು. ನೆರಳಿನ ಅಂಜೂರ ಎಲೆಯನ್ನೇ ಬಿಟ್ಟುಕೊಂಡು ಕೂರುತ್ತದೆ. ಎರಡನೆಯ ಅಥವಾ ಮೂರನೆಯ ವರ್ಷ ಮೊದಲ ಹಣ್ಣುಗಳನ್ನು ಕಾಣಬಹುದು.

ಕತ್ತರಿಯ ಕೆಲಸ

ಅಂಜೂರದ ಕಾಯಿ ಹೊಸ ಚಿಗುರಿನಲ್ಲಿ, ಎಲೆಯ ಕಂಕುಳಲ್ಲಿ ಮೂಡುತ್ತದೆ. ಹೊಸ ಚಿಗುರು ಹೆಚ್ಚಿದಷ್ಟೂ ಹಣ್ಣು ಹೆಚ್ಚು. ಆದುದರಿಂದ ಕರುಣೆಯಿಂದ ರೆಂಬೆಗಳನ್ನು ಹಾಗೆಯೇ ಬಿಡುವ ಯಜಮಾನನಿಗಿಂತ, ಕಾಲಕ್ಕೆ ಸರಿಯಾಗಿ ಕತ್ತರಿ ಹಿಡಿಯುವವನಿಗೆ ಮರ ಹೆಚ್ಚು ಕೊಡುತ್ತದೆ. ಮಳೆಗಾಲದಲ್ಲಿ ಮಾಗುವ ಹಣ್ಣು ನೀರು ನೀರಾಗಿ, ಹುಳಿಯಾಗಿರುತ್ತದೆ. ಬೇಸಗೆಯಲ್ಲಿ ಮಾಗಿದ್ದೇ ಸಿಹಿ. ಈ ಎರಡು ಬೆಳೆಗಳನ್ನು ಪೂನಾ ಕಡೆಯ ತೋಟಗಾರರು 'ಖಟ್ಟಾ ಬಹಾರ್', 'ಮೀಠಾ ಬಹಾರ್' ಎಂದು ಕರೆಯುತ್ತಾರೆ. ಮನೆಯವರಿಗೆ ಬೇಕಾದದ್ದು ಎರಡನೆಯದು. ಮಳೆ ಹಿಂದೆಗೆಯುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ರೆಂಬೆಗಳನ್ನು ಸವರಿ, ಗೊಬ್ಬರ ಹಾಕಿ ನೀರು ಕೊಟ್ಟರೆ, ನಾಲ್ಕೈದು ತಿಂಗಳಲ್ಲಿ, ಎಂದರೆ ಬೇಸಗೆಯ ಬಾಗಿಲಿನಲ್ಲಿ, ಹಣ್ಣು ಕೈಗೆ ಬರುತ್ತದೆ.

ಕಾಯಿ ಊದತೊಡಗಿದ ಮೇಲೆ ನೀರಿನಲ್ಲಿ ಹಿಡಿತವಿರಬೇಕು. ಒಂದು ವಾರ ಮರೆತು, ಎಂಟನೆಯ ದಿನ ಕೊಡಗಟ್ಟಲೆ ಸುರಿದರೆ ಹಣ್ಣುಗಳು ಬಿರಿಯುತ್ತವೆ. ಸ್ವಲ್ಪಸ್ವಲ್ಪವಾಗಿ, ನಿಯಮವಾಗಿ ಕೊಡುವುದು ಸರಿ.

ಶತ್ರುಗಳು

ಮಳೆಗಾಲದ ಕೊನೆಗೆ ಎಲೆಗಳ ತಳದಲ್ಲಿ ಇಟ್ಟಿಗೆ ಬಣ್ಣದ ಪುಡಿ ಕಾಣಿಸಿಕೊಂಡು, ಎಲೆಗಳು ಉದುರತೊಡಗಿದರೆ ಅದು ತುಕ್ಕುರೋಗ. ಬಿದ್ದ ಎಲೆಗಳನ್ನು ಗುಡಿಸಿ ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣಗಳನ್ನು ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಒಟ್ಟು ಹತ್ತು ಲೀಟರ್ ಆಗುವಂತೆ ಬೆರೆಸಿದ ಬೋರ್ಡೋ ದ್ರಾವಣವನ್ನು ರೋಗದ ಆರಂಭದಲ್ಲಿಯೇ ಸಿಂಪಡಿಸಬಹುದು. ಹಣ್ಣು ಮಾಗುವ ಕಾಲದಲ್ಲಿ ಮಾತ್ರ ಇದು ಬೇಡ.

ಕಾಂಡದಲ್ಲಿ ತೂತು, ಬುಡದಲ್ಲಿ ಮರದ ಹೊಟ್ಟು ಕಂಡರೆ ಕಾಂಡಕೊರೆಯುವ ಹುಳು ಹೊಕ್ಕಿದೆಯೆಂದು ತಿಳಿಯಬೇಕು. ತೂತಿಗೆ ತಂತಿ ತೂರಿಸಿ ಹುಳುವನ್ನು ಕೊಂದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುರುಕಿ ಹಸಿಮಣ್ಣು ಮೆತ್ತುವುದು ಹಳೆಯ ಉಪಾಯ, ಇಂದಿಗೂ ಪ್ರಯೋಜನಕಾರಿ. ಬೇರಿನಲ್ಲಿ ಗಂಟು ಕಟ್ಟಿಸುವ, ಕಣ್ಣಿಗೆ ಕಾಣದ ಜಂತುಹುಳುಗಳಿಗೂ ಅಂಜೂರ ಬಲು ಇಷ್ಟ. ಅದೇ ಪಿಡುಗು ಬದನೆ, ಟೊಮೇಟೊಗಳಿಗೂ ತಗಲುವುದರಿಂದ ಅವನ್ನು ಅಂಜೂರದ ಪಾತಿಯಲ್ಲಿ ಬೆಳೆಯಬಾರದು. ಬದಲಾಗಿ ಚೆಂಡುಹೂವಿನ ಗಿಡಗಳನ್ನು ಹಾಕಿದರೆ ಈ ಹುಳುಗಳು ತಗ್ಗುತ್ತವೆ; ದೇವರಿಗೆ ಹೂವೂ ಆಯಿತು.

ಎಲ್ಲರಿಗಿಂತ ದೊಡ್ಡ ಪಾಲುದಾರರೆಂದರೆ ಪಿಕಳಾರ, ಕೋಗಿಲೆ, ಅಳಿಲುಗಳು. ಹಣ್ಣು ನಾಳೆ ಮಾಗುತ್ತದೆಂದು ಮನೆಯವರು ಲೆಕ್ಕಹಾಕುವಷ್ಟರಲ್ಲಿ ಇವು ಇಂದೇ ಮುಗಿಸಿರುತ್ತವೆ. ಬಣ್ಣ ತಿರುಗುವ ಮುನ್ನವೇ ತೆಳುವಾದ ಹಳೆಯ ಬಟ್ಟೆಯ ಚೀಲಗಳನ್ನು ಕಾಯಿಗಳಿಗೆ ಕಟ್ಟಬೇಕು. ಮೇಲಿನ ರೆಂಬೆಯ ನಾಲ್ಕು ಹಣ್ಣನ್ನು ಅವುಗಳ ಪಾಲಿಗೆ ಬಿಟ್ಟುಬಿಡುವುದು ಗೃಹಸ್ಥಧರ್ಮ.

ಕೀಳುವ ಹೊತ್ತು

ಹಣ್ಣು ಮಾಗಿತೆಂಬುದನ್ನು ಬಣ್ಣವೊಂದರಿಂದಲೇ ನಿರ್ಧರಿಸಬಾರದು. ಕಾಯಿ ರೆಂಬೆಗೆ ಸೆಟೆದು ನಿಂತಿರುತ್ತದೆ. ಮಾಗಿದಾಗ ಅದರ ಕುತ್ತಿಗೆ ಬಳುಕಿ ತಲೆ ಕೆಳಗಾಗುತ್ತದೆ. ಮೈ ಮೆತ್ತಗಾಗಿ, ಸಿಪ್ಪೆಯ ಮೇಲೆ ಸಣ್ಣ ಗೀರುಗಳು ಮೂಡಿ, ಕೆಲವೊಮ್ಮೆ ತುದಿಯ ಬಾಯಲ್ಲಿ ಜೇನಿನ ಹನಿಯಂತೆ ರಸ ನಿಲ್ಲುತ್ತದೆ. ಕೈಯಿಟ್ಟು ಮೃದುವಾಗಿ ಎತ್ತಿದರೆ ತಾನಾಗಿಯೇ ಬಿಟ್ಟುಕೊಳ್ಳಬೇಕು. ಎಳೆದರೂ ಬಾರದೆ, ತೊಟ್ಟಿನಿಂದ ಹಾಲು ಒಸರಿದರೆ ಇನ್ನೂ ಒಂದೆರಡು ದಿನ ಕಾಯಬೇಕೆಂದು ಅರ್ಥ. ಬೆಳಗಿನ ತಂಪಿನಲ್ಲಿ ಕಿತ್ತು ಅಂದೇ ತಿನ್ನಬೇಕು.

ತಾಜಾ ಅಂಜೂರದ ಐದರಲ್ಲಿ ನಾಲ್ಕು ಭಾಗ ನೀರೇ. ಒಣಗಿದಾಗ ಸತ್ವವೂ ಸಕ್ಕರೆಯೂ ಒತ್ತಾಗುತ್ತವೆ. ನೂರು ಗ್ರಾಂ ಒಣ ಅಂಜೂರದಲ್ಲಿ ಸುಮಾರು 250 ಕ್ಯಾಲೊರಿ, 160 ಮಿಲಿಗ್ರಾಂ ಸುಣ್ಣದ ಅಂಶ ಮತ್ತು ಹತ್ತು ಗ್ರಾಂನಷ್ಟು ನಾರು ಇವೆ. ಮಲಬದ್ಧತೆಗೆ ಅದು ಮದ್ದೆಂಬ ಅಜ್ಜಿಯ ಮಾತಿಗೆ ಈ ನಾರೇ ಆಧಾರ. ಆದರೆ ತೂಕದ ಅರ್ಧಭಾಗದಷ್ಟು ಸಕ್ಕರೆಯೂ ಇರುವುದರಿಂದ ಮಧುಮೇಹಿಗಳು ಕೈ ಬಿಗಿಹಿಡಿಯಬೇಕು. ಮನೆಯ ಹಣ್ಣು ಒಮ್ಮೆಗೇ ಹೆಚ್ಚಾಗಿ ಬಂದರೆ ಬಾಳೆಹಣ್ಣು, ಜೇನುತುಪ್ಪ, ತೆಂಗಿನಕಾಯಿ ತುರಿ, ಏಲಕ್ಕಿಯ ಪುಡಿ ಸೇರಿಸಿ ರಸಾಯನ ಮಾಡಬಹುದು. ಸಕ್ಕರೆ, ನಿಂಬೆರಸದೊಡನೆ ಕುದಿಸಿ ಜಾಮ್ ಮಾಡಿಡಬಹುದು.

ಅಂಜೂರದ ಮರವಿರುವ ಮನೆಯಲ್ಲಿ ವರ್ಷಕ್ಕೊಮ್ಮೆ ಸವರಿದ ರೆಂಬೆಗಳು ರಾಶಿ ಬೀಳುತ್ತವೆ. ಅವು ಸೌದೆಯಲ್ಲ, ಸಸಿಗಳು. ನೆರೆಮನೆಯವರು ಒಂದು ತುಂಡನ್ನು ಕೇಳಿದರೆ ಯಾರೂ ಇಲ್ಲವೆನ್ನಲಾರರು. ಹನ್ನೊಂದು ಸಾವಿರ ವರ್ಷಗಳಿಂದಲೂ ಈ ಮರ ಬಹುಶಃ ಹೀಗೆಯೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಬಂದಿದೆ. ಬರುವ ಮುಂಗಾರಿಗೆ ಒಂದು ತುಂಡನ್ನು ತಂದು ಕುಂಡದಲ್ಲಿ ನೆಟ್ಟರೆ, ಮೂರನೆಯ ಬೇಸಗೆಯಲ್ಲಿ ಮನೆಯ ಮಕ್ಕಳು ಮೊದಲ ಹಣ್ಣನ್ನು ಕಿತ್ತು ಅಡಿಗೆಯ ಮನೆಗೆ ಒಯ್ದಾರು. ಶಂಕೆ ಎತ್ತಿದ ಅಜ್ಜಿಯೇ ಅದನ್ನು ಇಬ್ಭಾಗ ಮಾಡಿ, ಬೆಳಕಿಗೆ ಹಿಡಿದು ನೋಡಲಿ. ಒಳಗೆ ಕಾಣುವುದು ಕೆಂಪು ಕೆಂಪಾದ ನೂರಾರು ಹೂಗಳು ಮಾತ್ರ.